ಸಾನ್ ಜಿಮಿನ್ಯಾನೊ ಗೋಪುರಗಳು ಅಸಲಿಯೋ, ಸೆಟ್ಟೋ? ಮಂಡಿನೋವಿದ್ದವರು ಹೋಗಬಹುದಾ?

ಓದುಗರ ಪ್ರಶ್ನೆ: ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು, ವಯಸ್ಸು 64. ಮಗ, ಸೊಸೆ ಜರ್ಮನಿಯಲ್ಲಿದ್ದಾರೆ. ಅಕ್ಟೋಬರ್ ಕೊನೆಗೆ ಅವರ ಜೊತೆ ಇಟಲಿಗೆ ಹೋಗುತ್ತಿದ್ದೇವೆ. ಫ್ಲಾರೆನ್ಸಿನಲ್ಲಿ ನಾಲ್ಕು ದಿನ. ಅದರಲ್ಲಿ ಒಂದು ದಿನ ಸಾನ್ ಜಿಮಿನ್ಯಾನೊಗೆ ಹೋಗೋಣ ಎಂದು ಸೊಸೆಯ ಆಸೆ. ಮಗ ಮಾತ್ರ, "ಅಲ್ಲೇನಿದೆ ಅಮ್ಮಾ, ಎಲ್ಲಾ ಆಮೇಲೆ ಕಟ್ಟಿದ್ದು, ಟೂರಿಸ್ಟ್‌ಗಳಿಗೆ ಹಾಕಿದ ಸೆಟ್" ಎನ್ನುತ್ತಾನೆ. ನಾನು ಓದಿದ್ದು ಬೇರೆ. 72 ಗೋಪುರಗಳಿದ್ದವು, ಶತ್ರುಗಳನ್ನು ತಡೆಯಲು ಕಟ್ಟಿದ್ದು, ಪ್ಲೇಗ್ ಬಂದು ಊರು ರಾತ್ರೋರಾತ್ರಿ ಖಾಲಿಯಾಯಿತು ಅಂತ. ಯಾವುದು ನಿಜ? ನಮ್ಮ ಯಜಮಾನರಿಗೆ ಎರಡು ವರ್ಷದ ಹಿಂದೆ ಮಂಡಿ ಆಪರೇಷನ್ ಆಗಿದೆ. ನಾವು ಸಸ್ಯಾಹಾರಿಗಳು. ಬೆಳಗ್ಗೆ ಹೋಗಿ ಸಂಜೆ ಬಂದರೆ ಸಾಕಾ, ಅಲ್ಲೇ ಉಳಿಯಬೇಕಾ? ಅಷ್ಟು ದೂರ ಹೋಗಿ ಮೋಸ ಹೋದೆವು ಅನ್ನಿಸಬಾರದು, ಅಷ್ಟೇ.

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಊರು ಅಸಲಿಯಾ ಅನ್ನೋದು ಒಂದು. ಯಜಮಾನರ ಮಂಡಿ ಏನಾಗುತ್ತೆ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ, ಕೊನೆಗೆ ಹೇಳುತ್ತೇನೆ. ಮೊದಲನೆಯದಕ್ಕೆ ಸ್ವಲ್ಪ ಸಮಯ ಬೇಕು. ಯಾಕೆಂದರೆ ನಿಮ್ಮ ಮಗ ಹೇಳಿದ್ದು ಪೂರ್ತಿ ತಪ್ಪಲ್ಲ, ನೀವು ಓದಿದ್ದು ಪೂರ್ತಿ ಸರಿಯೂ ಅಲ್ಲ.

ನನ್ನ ಕೆಲಸ ಹಳೆಯ ಕಲ್ಲುಕಟ್ಟಡಗಳ ದುರಸ್ತಿ. ಟಸ್ಕನಿಯಲ್ಲಿ, ಅಂದರೆ ಫ್ಲಾರೆನ್ಸ್ ಇರುವ ಪ್ರಾಂತ್ಯದಲ್ಲಿ, ಓದುವಾಗ ಈ ಊರಿನ ಗೋಡೆಗಳನ್ನು ಅಳತೆ ಮಾಡಿ ಚಿತ್ರ ಬರೆಯುವುದೇ ನಮಗೆ ಹೋಂವರ್ಕ್. ಹಾಗಾಗಿ ಪ್ರವಾಸಿಗರು ನೋಡುವ ಊರಿಗಿಂತ ಗೋಡೆಯ ತೂತುಗಳೇ ನನಗೆ ಜಾಸ್ತಿ ಪರಿಚಯ. ಮೊದಲೇ ಒಂದು ಮಾತು: ಊರಿನ ಹೆಸರಿನ ಕಾಗುಣಿತ (Gimignano) ನೋಡಿ ಹಲವರು "ಗಿಮಿಗ್ನಾನೊ" ಅನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಕೇಳಿದರೆ ಎದುರಿಗಿದ್ದವರು ಮುಖಮುಖ ನೋಡುತ್ತಾರೆ. ಜಿಮಿನ್ಯಾನೊ ಅನ್ನಿ, ಸಾಕು.

ಊರಿನ ಪರಿಚಯ ಚಿಕ್ಕದಾಗಿ. ಸಿಯೆನಾ ಜಿಲ್ಲೆಯಲ್ಲಿ, ಸಮುದ್ರ ಮಟ್ಟದಿಂದ 320 ಮೀಟರಿಗಿಂತ ಸ್ವಲ್ಪ ಎತ್ತರದ ಗುಡ್ಡದ ಮೇಲಿದೆ. ಹೆಸರು ಬಂದದ್ದು ಮೊದೆನಾದ ಬಿಷಪ್ ಆಗಿದ್ದ ಸಂತ ಜೆಮಿನಿಯಾನುಸ್‌ನಿಂದ. ಅಟಿಲನ ಹೂಣರಿಂದ ಊರನ್ನು ಕಾಪಾಡಿದ ಎಂಬ ಐತಿಹ್ಯವಿದೆ. ಐತಿಹ್ಯ ಐತಿಹ್ಯವೇ, ಬಿಡಿ. ಊರನ್ನು ನಿಜವಾಗಿ ಬೆಳೆಸಿದ್ದು ರಸ್ತೆ. ಉತ್ತರ ಯೂರೋಪಿನಿಂದ ರೋಮ್‌ಗೆ ಯಾತ್ರಿಕರು ನಡೆದು ಬರುತ್ತಿದ್ದ ವಿಯಾ ಫ್ರಾಂಚಿಜೆನಾ ದಾರಿ ಈ ಗುಡ್ಡದ ಮೇಲೆಯೇ ಹಾದುಹೋಗುತ್ತಿತ್ತು. ಹತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿನಿಂದ ವಾಪಸಾಗುವಾಗ ತಂಗಿದ ಊರುಗಳ ಪಟ್ಟಿ ಉಳಿದಿದೆ. ಅದರಲ್ಲಿ ಈ ಹೆಸರಿದೆ. ಯಾತ್ರಿಕರು ಬಂದಲ್ಲಿ ಛತ್ರ, ಲಾಯ, ಅಂಗಡಿ. ಅಂಗಡಿ ಬಂದಲ್ಲಿ ಸಾಲ ಕೊಡುವವರು. 1199ರ ಹೊತ್ತಿಗೆ ವೊಲ್ತೆರಾದ ಬಿಷಪ್ಪನ ಹಿಡಿತದಿಂದ ಬಿಡಿಸಿಕೊಂಡು ತಾನೇ ಆಡಳಿತ ನಡೆಸುವ ಸ್ವತಂತ್ರ ಊರಾಯಿತು. ಇಟಲಿಯಲ್ಲಿ ಇಂಥದ್ದಕ್ಕೆ ಕೊಮೂನೆ ಅನ್ನುತ್ತಾರೆ.

ದುಡ್ಡು ಎಲ್ಲಿಂದ ಬಂತು? ಇಲ್ಲಿ ನಮ್ಮ ಅಡುಗೆಮನೆಗೆ ಪರಿಚಯದ ಸಾಮಾನೊಂದು ಬರುತ್ತದೆ: ಕೇಸರಿ. 13ನೇ ಶತಮಾನದಲ್ಲಿ ಸಾನ್ ಜಿಮಿನ್ಯಾನೊದ ಕೇಸರಿ ಪೀಸಾ ಬಂದರಿನ ಮೂಲಕ ದೂರದೂರಕ್ಕೆ ಹೋಗುತ್ತಿತ್ತು. ಬಟ್ಟೆಗೆ ಬಣ್ಣ, ಔಷಧಿ, ಅಡುಗೆ, ಎಲ್ಲದಕ್ಕೂ ಬೇಕು. ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂವಿನ ಒಳಗಿನ ಕೆಂಪು ಎಳೆ ಕೀಳಬೇಕು. ತೂಕ ಕಡಿಮೆ, ಬೆಲೆ ಜಾಸ್ತಿ. ಗುಡ್ಡದ ಮೇಲಿನ ಊರಿಗೆ ಇದಕ್ಕಿಂತ ಒಳ್ಳೆ ಸರಕು ಯಾವುದು? ಹೇಸರಗತ್ತೆಯ ಮೇಲೆ ಒಂದು ಚೀಲ ಹಾಕಿದರೆ ಆಸ್ತಿಯೇ ಇಳಿದುಹೋದಂತೆ. ಜೊತೆಗೆ ವೆರ್ನಾಚ್ಚಾ ಎಂಬ ಬಿಳಿ ವೈನ್. 1276ರ ಸುಂಕದ ಪುಸ್ತಕದಲ್ಲೇ ಅದರ ಮೇಲಿನ ತೆರಿಗೆಯ ಲೆಕ್ಕವಿದೆ.

ಈ ದುಡ್ಡೇ ಗೋಪುರಗಳಾಗಿ ಎದ್ದು ನಿಂತದ್ದು.

"ಶತ್ರುಗಳನ್ನು ತಡೆಯಲು ಕಟ್ಟಿದ್ದು" ಎಂದು ನೀವು ಓದಿದ್ದೀರಿ. ಹೊರಗಿನ ಶತ್ರು ಎಂದುಕೊಂಡರೆ ಅದು ತಪ್ಪು. ಹೊರಗಿನವರನ್ನು ತಡೆಯಲು ಊರ ಸುತ್ತ ಕೋಟೆಗೋಡೆ ಇದೆ. 13ನೇ ಶತಮಾನದ ಆ ಸುತ್ತು ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ. ಗೋಪುರಗಳು ನಿಂತಿರುವುದು ಊರ ಒಳಗೆ, ಒಂದರ ಪಕ್ಕ ಒಂದು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಯಾರ ವಿರುದ್ಧ? ಪಕ್ಕದ ಮನೆಯವರ ವಿರುದ್ಧ! ಇಲ್ಲಿನ ಎರಡು ದೊಡ್ಡ ಮನೆತನ ಅಂದರೆ ಅರ್ದಿಂಗೆಲ್ಲಿ ಮತ್ತು ಸಾಲ್ವುಚ್ಚಿ. ಮೊದಲನೆಯವರು ಗ್ವೆಲ್ಫ್, ಅಂದರೆ ಪೋಪನ ಪಕ್ಷ. ಎರಡನೆಯವರು ಗಿಬೆಲಿನ್, ಚಕ್ರವರ್ತಿಯ ಪಕ್ಷ. ಹೆಸರಿಗೆ ಪಕ್ಷ. ಒಳಗಿದ್ದದ್ದು ವ್ಯಾಪಾರ, ಸಾಲ, ಜಾಗ, ಮಾನ. ಬೀದಿಯಲ್ಲಿ ಹೊಡೆದಾಟ ಶುರುವಾದರೆ ಗೋಪುರದೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳಬಹುದಿತ್ತು, ಮೇಲಿಂದ ಕಲ್ಲು ಹಾಕಬಹುದಿತ್ತು. ಆದರೆ ಹೊಡೆದಾಟ ದಿನಾ ಇರಲಿಲ್ಲ. ಗೋಪುರ ದಿನಾ ಕಾಣುತ್ತಿತ್ತು. ನೆರೆಯವನಿಗೆ ಬೆಳಗ್ಗೆ ಕಿಟಕಿ ತೆಗೆದ ಕೂಡಲೇ ಇವರ ಗೋಡೆ ಕಾಣಬೇಕು. ಅದಕ್ಕೇ ಅಷ್ಟು ಎತ್ತರ.

ಈ ಜಿದ್ದು ಎಲ್ಲಿಗೆ ಹೋಯಿತೆಂದರೆ ಊರಾಡಳಿತ ಕಾನೂನು ಮಾಡಬೇಕಾಯಿತು. ಆಡಳಿತದ ಅರಮನೆಯ ಮೇಲೆ ರೊಞ್ಞೋಸಾ ಎಂಬ ಗೋಪುರವಿದೆ, ಸುಮಾರು 51 ಮೀಟರ್. ಖಾಸಗಿಯವರು ಯಾರೂ ಅದಕ್ಕಿಂತ ಎತ್ತರ ಕಟ್ಟಕೂಡದು ಎಂದು 1255ರಲ್ಲಿ ಕಟ್ಟಳೆ ಬಂತು. ಸಾಲ್ವುಚ್ಚಿಗಳು ಏನು ಮಾಡಿದರಂತೆ ಗೊತ್ತಾ? ಒಂದರ ಬದಲು ಅಕ್ಕಪಕ್ಕ ಎರಡು ಕಟ್ಟಿದರು. ಕಟ್ಟಳೆ ಎತ್ತರಕ್ಕೆ ತಾನೆ, ಸಂಖ್ಯೆಗೆ ಅಲ್ಲವಲ್ಲ! ಆ ಅವಳಿ ಗೋಪುರಗಳು ಇವತ್ತಿಗೂ ನಿಂತಿವೆ. ಕೊನೆಗೆ ಊರಾಡಳಿತ ತಾನೇ 1311ರಲ್ಲಿ 54 ಮೀಟರಿನ ತೊರ್ರೆ ಗ್ರೋಸ್ಸಾ, ಅಂದರೆ ದಪ್ಪ ಗೋಪುರ, ಮುಗಿಸಿ ಎಲ್ಲರ ಬಾಯಿ ಮುಚ್ಚಿಸಿತು.

ಗೋಪುರದಲ್ಲಿ ಜನ ಹೇಗೆ ಬದುಕುತ್ತಿದ್ದರು ಎಂದು ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ, ಇದು ನನಗೆ ತುಂಬ ಇಷ್ಟದ ವಿಷಯ. ಹೊರಗಿನಿಂದ ಭರ್ಜರಿಯಾಗಿ ಕಾಣುವ ಗೋಪುರದ ಒಳಗೆ ಹೋದರೆ ಬಚ್ಚಲುಮನೆಯಷ್ಟು ಜಾಗ. ಗೋಡೆಗಳೇ ಅಷ್ಟು ದಪ್ಪ. ಹೊರಗೊಂದು, ಒಳಗೊಂದು ಕಲ್ಲಿನ ಪದರ ಎಬ್ಬಿಸಿ, ನಡುವೆ ಚೂರುಕಲ್ಲು ಮತ್ತು ಸುಣ್ಣದ ಗಾರೆ ತುಂಬಿದ್ದಾರೆ. ಅಲ್ಲಿ ಸಂಸಾರ ಮಾಡುವುದು ಹೇಗೆ? ಉತ್ತರ ಗೋಡೆಯ ಹೊರಗಿದೆ. ಗೋಪುರಗಳ ಮೈಮೇಲೆ ಸಾಲುಸಾಲು ಚೌಕ ತೂತುಗಳನ್ನು ನೋಡುತ್ತೀರಿ. ಕೆಲವು ಕಟ್ಟುವಾಗ ಅಟ್ಟಣಿಗೆ ಹಾಕಲು ಬಿಟ್ಟಿದ್ದು. ಇನ್ನು ಕೆಲವು ದೊಡ್ಡವು. ಅವಕ್ಕೆ ತೊಲೆ ಸಿಕ್ಕಿಸಿ ಹೊರಗೆ ಮರದ ಪಡಸಾಲೆ ಕಟ್ಟಿಕೊಳ್ಳುತ್ತಿದ್ದರು. ಅಂದರೆ ಈಗ ನಾವು ನೋಡುವುದು ಅಸ್ಥಿಪಂಜರ ಮಾತ್ರ. ಆಗ ಈ ಗೋಪುರಗಳ ಸುತ್ತ ಮರ, ಹಲಗೆ, ಏಣಿ, ಒಣಹಾಕಿದ ಬಟ್ಟೆ ಎಲ್ಲಾ ಇತ್ತು. ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ಮೇಲಿನ ಅಂತಸ್ತಿನಲ್ಲಿ ಇಡುತ್ತಿದ್ದರು. ಕೆಳಗಿದ್ದು ಹೊತ್ತಿಕೊಂಡರೆ ಮೇಲಿನ ಮರವೆಲ್ಲ ಹೋಗುತ್ತದೆ. ಮೇಲಿದ್ದರೆ ಹೋಗುವುದು ಚಾವಣಿ ಒಂದೇ. ಸಿರಿವಂತರ ಮನೆಯಾಕೆ ನೀರಿನ ಕೊಡ ಅಷ್ಟು ಮೆಟ್ಟಿಲು ಹೊರುತ್ತಿರಲಿಲ್ಲ ಬಿಡಿ, ಆಳುಗಳಿದ್ದರು.

ಇನ್ನೊಂದು ಕಥೆ ಕೆಲವು ಗೈಡ್‌ಗಳು ಹೇಳುತ್ತಾರೆ. ಕೇಸರಿ ಬಣ್ಣ ಹಾಕಿದ ಉದ್ದದ ಬಟ್ಟೆಯನ್ನು ಧೂಳು ತಾಗದಂತೆ ಒಣಗಿಸಲು ಗೋಪುರ ಕಟ್ಟಿದರು ಅಂತ. ಕೇಳಲು ಚೆಂದ. ಆದರೆ ಇದೇ ಕಾಲದಲ್ಲಿ ಬೊಲೋನ್ಯಾ, ಫ್ಲಾರೆನ್ಸ್, ಲುಕ್ಕಾ, ಪೀಸಾ ಎಲ್ಲಾ ಕಡೆ ಗೋಪುರಗಳಿದ್ದವು. ಬೊಲೋನ್ಯಾದ ಅಸಿನೆಲ್ಲಿ ಗೋಪುರ 97 ಮೀಟರ್, ಇಲ್ಲಿಯದಕ್ಕಿಂತ ಎಷ್ಟೋ ಎತ್ತರ. ಅಲ್ಲೆಲ್ಲ ಯಾವ ಬಟ್ಟೆ ಒಣಹಾಕಿದರು? ಗೋಪುರ ಕಟ್ಟುವುದು ಆ ಕಾಲದ ಸಿರಿವಂತರ ಸಾಮಾನ್ಯ ಅಭ್ಯಾಸ. ಸಾನ್ ಜಿಮಿನ್ಯಾನೊದ ವಿಶೇಷ ಅವು ಉಳಿದುಕೊಂಡದ್ದು.

ಆ 72ರ ಲೆಕ್ಕಕ್ಕೆ ಬರೋಣ. ಇದು ಬಾಯಿಂದ ಬಾಯಿಗೆ ಬಂದ ಲೆಕ್ಕ. ಎಲ್ಲರೂ ಅದನ್ನೇ ಹೇಳುತ್ತಾರೆ, ಯುನೆಸ್ಕೊ ಕೂಡ "ಸುಮಾರು" ಎಂದು ಸೇರಿಸಿ ಅದನ್ನೇ ಬರೆದಿದೆ. ಒಂದೇ ಹೊತ್ತಿನಲ್ಲಿ ಅಷ್ಟೂ ನಿಂತಿದ್ದವು ಎಂದು ನಾನು ಪ್ರಮಾಣ ಮಾಡಲಾರೆ. ಈಗ 14 ಇವೆ ಎನ್ನುತ್ತಾರೆ, ಕೆಲವು ಪುಸ್ತಕಗಳಲ್ಲಿ 13. ಮೊಂಡಾಗಿ ಮನೆಯ ಚಾವಣಿಯೊಳಗೆ ಸೇರಿಹೋದದ್ದನ್ನು ಗೋಪುರ ಅನ್ನಬೇಕೋ ಬೇಡವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಸುಮ್ನೆ ಎಣಿಸುತ್ತಾ ಕೂರಬೇಡಿ.

ಉಳಿದವು ಎಲ್ಲಿ ಹೋದವು? ಹೊರಗಿನ ಯುದ್ಧ ಮುಖ್ಯ ಕಾರಣವಲ್ಲ. ಎಷ್ಟೋ ಗೋಪುರ ತಾನಾಗಿಯೇ ಶಿಥಿಲವಾಗಿ ಬಿದ್ದಿರಬೇಕು, ಇಲ್ಲಾ ಬೀಳುವ ಮುಂಚೆ ಇಳಿಸಿರಬೇಕು. ಇಂಥ ಊರುಗಳಲ್ಲಿ ಸೋತ ಪಕ್ಷದವರ ಗೋಪುರದ ತಲೆ ಕಡಿಯುವುದೂ ಒಂದು ಶಿಕ್ಷೆಯಾಗಿತ್ತು. ಎತ್ತರವೇ ಮಾನ ಆಗಿದ್ದಾಗ ಅದನ್ನು ಅರ್ಧಕ್ಕೆ ಇಳಿಸುವುದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಫ್ಲಾರೆನ್ಸಿನಲ್ಲಂತೂ 1250ರಲ್ಲೇ ಎಲ್ಲಾ ಖಾಸಗಿ ಗೋಪುರಗಳನ್ನು ಸುಮಾರು 29 ಮೀಟರಿಗೆ ಇಳಿಸಲು ಆಜ್ಞೆಯಾಯಿತು. ಆಮೇಲೆ ಅಲ್ಲಿ ಇನ್ನೂ ದುಡ್ಡು ಬಂತು. ದುಡ್ಡು ಬಂದವರು ಹಳೆಯ ಗೋಪುರ ಕೆಡವಿ ಅಗಲವಾದ ಹೊಸ ಅರಮನೆ ಕಟ್ಟಿಕೊಂಡರು. ಸಾನ್ ಜಿಮಿನ್ಯಾನೊದಲ್ಲಿ ಅದಕ್ಕೆ ದುಡ್ಡಿರಲಿಲ್ಲ.

ಯಾಕಿರಲಿಲ್ಲ ಎನ್ನುವುದೇ ಪ್ಲೇಗಿನ ಕಥೆ. 1348ರಲ್ಲಿ ಕಪ್ಪು ಮಾರಿ ಬಂದದ್ದು ನಿಜ, ಊರಿನ ಅರ್ಧದಷ್ಟೋ ಇನ್ನೂ ಜಾಸ್ತಿಯೋ ಜನ ಹೋದರು. ಆದರೆ "ರಾತ್ರೋರಾತ್ರಿ ಖಾಲಿಯಾದ ಊರು" ಎಂಬುದು ಬರೀ ಕಥೆ. ಬದುಕುಳಿದವರು ಮತ್ತೆ ಜಗಳಕ್ಕೇ ಕೂತರು! 1352ರಲ್ಲಿ ಅರ್ದಿಂಗೆಲ್ಲಿ ಮನೆತನದ ಇಬ್ಬರ ತಲೆ ಕಡಿಸಲಾಯಿತು, ಅದರ ಹಿಂದೆ ಸಾಲ್ವುಚ್ಚಿಗಳಿದ್ದರು. ಸೇಡಿಗೆ ಸೇಡು ನಡೆಯಿತು. ಮುಂದಿನ ವರ್ಷವೇ, 1353ರಲ್ಲಿ, ಸಾಕಪ್ಪಾ ಸಾಕು ಎಂದು ಊರು ಫ್ಲಾರೆನ್ಸಿನ ಕೈಕೆಳಗೆ ಹೋಯಿತು. ಫ್ಲಾರೆನ್ಸಿನವರು ಬಂದು ಗುಡ್ಡದ ತುದಿಯಲ್ಲಿ ಕೋಟೆ ಕಟ್ಟಿ ಕೂತರು. ಅಷ್ಟರಲ್ಲಿ ಇನ್ನೊಂದು ನಿಧಾನದ ಏಟು ಬಿದ್ದಿತ್ತು. ಯಾತ್ರಿಕರ, ವರ್ತಕರ ದಾರಿ ಗುಡ್ಡ ಬಿಟ್ಟು ಕೆಳಗಿನ ಬಯಲಿಗೆ ಸರಿದಿತ್ತು. ಹೈವೇ ಬೈಪಾಸ್ ಆದ ಮೇಲೆ ಊರೊಳಗಿನ ಹೋಟೆಲುಗಳಿಗೆ ಏನಾಗುತ್ತೆ ಗೊತ್ತಲ್ಲ, ಅದೇ. ಕಪ್ಪು ಮಾರಿ ಬರದಿದ್ದರೂ ಈ ಊರು ಸೊರಗುತ್ತಿತ್ತು ಎಂಬುದು ನನ್ನ ಅನಿಸಿಕೆ. ಅದು ಸ್ವಲ್ಪ ಬೇಗ ಮಾಡಿತು.

ಬಡವಾಯಿತು ಎಂದರೆ ಸತ್ತಿತು ಅಂತಲ್ಲ. ನೂರು ವರ್ಷ ಆದ ಮೇಲೂ ಚಿತ್ರಗಾರರನ್ನು ಫ್ಲಾರೆನ್ಸಿನಿಂದ ಕರೆಸಲು ಊರವರಿಗೆ ಶಕ್ತಿ ಇತ್ತು. 1464ರಲ್ಲಿ ಮತ್ತೆ ಮಾರಿ ಬಂದಾಗ ಬೆನೊಜ್ಜೊ ಗೊಜ್ಜೊಲಿ ಎಂಬ ಕಲಾವಿದನಿಂದ ಸಾಂತ್ ಅಗೊಸ್ತೀನೊ ಚರ್ಚಿನಲ್ಲಿ ಒಂದು ಚಿತ್ರ ಬರೆಸಿದರು. ಸಂತ ಸೆಬಾಸ್ಟಿಯನ್ ತನ್ನ ಮೇಲಂಗಿ ಹರಡಿ ಊರ ಜನರನ್ನು ಕಾಪಾಡುತ್ತಿದ್ದಾನೆ, ಆಕಾಶದಿಂದ ಬರುವ ರೋಗದ ಬಾಣಗಳು ಅದಕ್ಕೆ ತಾಗಿ ಮುರಿದು ಬೀಳುತ್ತಿವೆ. ಜನ ಬಸ್ಸಿನಿಂದ ಇಳಿದು ಮುಖ್ಯ ಚೌಕ ನೋಡಿ ವಾಪಸ್ ಹೋಗುತ್ತಾರೆ. ಊರಿನ ಇನ್ನೊಂದು ತುದಿಯ ಈ ಚರ್ಚಿಗೆ ಬರುವವರು ಕಡಿಮೆ. ನೀವು ತಪ್ಪಿಸಬೇಡಿ. ಅದೇ ಚರ್ಚಿನ ಒಳಗೋಡೆಯಲ್ಲಿ ಸಂತ ಅಗಸ್ಟೀನನ ಬದುಕಿನ 17 ಚಿತ್ರಗಳಿವೆ. ಮೊದಲನೆಯದರಲ್ಲಿ ಅಪ್ಪ ಅಮ್ಮ ಮಗುವನ್ನು ಶಾಲೆಗೆ ಬಿಡುತ್ತಿದ್ದಾರೆ, ಪಕ್ಕದಲ್ಲೇ ಮೇಷ್ಟ್ರು ಒಬ್ಬ ಹುಡುಗನ ಕುಂಡೆಗೆ ಬಾರಿಸುತ್ತಿದ್ದಾರೆ. ಟೀಚರ್ ಆಗಿದ್ದವರಿಗೆ ನಗು ಬರದೇ ಇರದು.

ಇನ್ನು ನಿಮ್ಮ ಮಗನ ಮಾತು. "ಸೆಟ್" ಎಂದದ್ದು ಜಾಸ್ತಿಯಾಯಿತು. ಆದರೆ ಅದರಲ್ಲಿ ಒಂದು ಕಾಳು ಸತ್ಯವಿದೆ. 1920-30ರ ದಶಕದಲ್ಲಿ, ಮುಸೊಲಿನಿಯ ಕಾಲದಲ್ಲಿ, ಟಸ್ಕನಿಯ ಹಲವು ಊರುಗಳನ್ನು "ಇನ್ನೂ ಮಧ್ಯಯುಗದ ಹಾಗೆ" ಕಾಣಿಸುವ ಕೆಲಸ ನಡೆಯಿತು. ಇಲ್ಲೂ ಆಯಿತು. ಮಧ್ಯದ ಶತಮಾನಗಳಲ್ಲಿ ಜನ ಬಳಿದುಕೊಂಡಿದ್ದ ಗಿಲಾವು ಕೆರೆದು ಕಲ್ಲು, ಇಟ್ಟಿಗೆ ಹೊರಗೆ ಕಾಣುವಂತೆ ಮಾಡಿದರು. ಆಮೇಲೆ ಸೇರಿಸಿದ್ದನ್ನು ಕಿತ್ತರು. ಮುಚ್ಚಿದ್ದ ಕಮಾನುಗಳನ್ನು ತೆರೆದರು, ಕೆಲವೆಡೆ ಹೀಗಿದ್ದಿರಬೇಕು ಎಂದು ಊಹಿಸಿ ಹೊಸ ಕಿಟಕಿ ಇಟ್ಟರು. ನಾವು ವೃತ್ತಿಯವರು ಇದನ್ನು ನೋಡಿ ಹಲ್ಲು ಕಡಿಯುತ್ತೇವೆ. 1400ರಿಂದ 1900ರವರೆಗೆ ಅಲ್ಲಿ ಬದುಕಿದವರ ಗುರುತನ್ನು ಒರೆಸಿ ಹಾಕಿದ ಹಾಗೆ ಅಲ್ವಾ?

ಹಾಗೆಂದು ಗೋಪುರಗಳು ಆಮೇಲೆ ಕಟ್ಟಿದ್ದಲ್ಲ. ಸಾಕ್ಷಿ ಊರಲ್ಲೇ ಇದೆ. ತೊರ್ರೆ ಗ್ರೋಸ್ಸಾ ಇರುವ ಅರಮನೆಯ ಚಿತ್ರಶಾಲೆಯಲ್ಲಿ ತದ್ದೇಯೊ ದಿ ಬಾರ್ತೊಲೊ ಎಂಬ ಸಿಯೆನಾದ ಕಲಾವಿದ 1400ರ ಆಸುಪಾಸು ಬರೆದ ಪಟವಿದೆ. ಊರಿಗೆ ಹೆಸರು ಕೊಟ್ಟ ಸಂತ ಜಿಮಿನ್ಯಾನೊ ಕೂತಿದ್ದಾನೆ, ತೊಡೆಯ ಮೇಲೆ ಊರನ್ನೇ ಮಗುವಿನಂತೆ ಇಟ್ಟುಕೊಂಡಿದ್ದಾನೆ. ಗೋಡೆ, ಚರ್ಚು, ಒತ್ತೊತ್ತಾಗಿ ಗೋಪುರಗಳು. ಕೊಲ್ಲೆಜಾತಾ ಚರ್ಚಿನಲ್ಲಿ ಸಂತ ಫೀನಾಳ ಗುಡಿಯಿದೆ. 1253ರಲ್ಲಿ ಹದಿನೈದನೇ ವಯಸ್ಸಿಗೆ ತೀರಿಕೊಂಡ ಹುಡುಗಿ. ಕಾಯಿಲೆ ಬಿದ್ದು ವರ್ಷಗಟ್ಟಲೆ ಓಕ್ ಮರದ ಹಲಗೆಯ ಮೇಲೆ ಮಲಗಿದ್ದಳು, ಸತ್ತ ದಿನ ಆ ಹಲಗೆಯ ಮೇಲೆ ಹೂ ಅರಳಿತು, ಊರಿನ ಗಂಟೆಗಳು ತಾವಾಗಿ ಬಡಿದುಕೊಂಡವು ಎಂದು ನಂಬಿಕೆ. ಗಿರ್ಲಾಂದಾಯೊ 1470ರ ದಶಕದಲ್ಲಿ ಬರೆದ ಅವಳ ಅಂತ್ಯಸಂಸ್ಕಾರದ ಚಿತ್ರದ ಹಿನ್ನೆಲೆಯಲ್ಲಿ ಇದೇ ಗೋಪುರಗಳಿವೆ. ಚಿತ್ರ ನೋಡಿ ಹೊರಗೆ ಬಂದು ತಲೆ ಎತ್ತಿದರೆ ಎದುರಿಗೇ ನಿಂತಿರುತ್ತವೆ. ಮಾರ್ಚ್‌ನಲ್ಲಿ ಗೋಪುರಗಳ ಕಲ್ಲುಸಂದಿಯಲ್ಲಿ ಹಳದಿ ಹೂವು ಬಿಡುತ್ತದೆ, ಊರವರು ಅದಕ್ಕೆ ಫೀನಾಳ ಹೂವು ಅನ್ನುತ್ತಾರೆ. ದುರಸ್ತಿಯವರಿಗೆ ಅದು ತಲೆನೋವು, ಬೇರು ಗಾರೆಯನ್ನು ಸಡಿಲ ಮಾಡುತ್ತದೆ. ಆದರೂ ಕೀಳಲು ಕೈ ಬರಲ್ಲ.

ಗೋಡೆ ನೋಡಿ ಹಳತು ಹೊಸತು ಗುರುತಿಸುವುದು ಹೇಗೆ? ಕಲ್ಲಿನ ಅಂಚು ನೋಡಿ. 700 ವರ್ಷ ಮಳೆ ಗಾಳಿ ತಿಂದ ಅಂಚು ಮೊಂಡಾಗಿರುತ್ತದೆ, ಒಂದರ ಹಾಗೆ ಇನ್ನೊಂದು ಇರಲ್ಲ. ತೀರಾ ಚೂಪು, ತೀರಾ ಸಮ ಇದ್ದರೆ ಅನುಮಾನ ಪಡಿ. ಸಂದಿಯ ಗಾರೆ ಬೂದು ಬಣ್ಣಕ್ಕೆ ಗಡುಸಾಗಿದ್ದರೆ ಅದು ಬಹುಶಃ ಸಿಮೆಂಟು, ಇತ್ತೀಚಿನದು. ಸುಣ್ಣದ ಗಾರೆ ಮೆತ್ತಗೆ, ಕೆನೆ ಬಣ್ಣ. ಸಿಮೆಂಟು ಕಲ್ಲಿಗಿಂತ ಗಟ್ಟಿ. ಒಳಗಿನ ತೇವ ಹೊರಬರಲು ಬಿಡಲ್ಲ, ಕೊನೆಗೆ ಕಲ್ಲೇ ಪುಡಿಯಾಗುತ್ತದೆ. ಗೋಡೆಯಲ್ಲಿ ಕಮಾನಿನ ಗುರುತಿದ್ದು ಒಳಗೆ ಬೇರೆ ಕಲ್ಲು ತುಂಬಿದ್ದರೆ ಖುಷಿಪಡಿ, ಯಾವುದೋ ಕಾಲದಲ್ಲಿ ಯಾರೋ ಬಾಗಿಲು ಮುಚ್ಚಿದ್ದಾರೆ. ಅಂಥದ್ದನ್ನು ನಕಲು ಮಾಡುವ ಕಷ್ಟ ಯಾರೂ ತೆಗೆದುಕೊಳ್ಳಲ್ಲ.

ನಿಜವಾಗಿ "ಸೆಟ್" ಅನ್ನಿಸುವಂಥದ್ದು ಬೇರೆ ಇದೆ. ಮುಖ್ಯ ಬೀದಿಯಲ್ಲಿ ಚಿತ್ರಹಿಂಸೆಯ ಮ್ಯೂಸಿಯಂ ಥರದ್ದು ಕಾಣುತ್ತದೆ. ಯೂರೋಪಿನ ಪ್ರವಾಸಿ ಊರುಗಳಲ್ಲೆಲ್ಲ ಇಂಥವಿವೆ. ಮೊಳೆ ತುಂಬಿದ ಕಬ್ಬಿಣದ ಪೆಟ್ಟಿಗೆ ಮಧ್ಯಯುಗದ್ದು ಎಂಬುದು ಆಮೇಲಿನ ಕಾಲದ ಕಟ್ಟುಕಥೆ. ಆ ದುಡ್ಡಿನಲ್ಲಿ ಕೊಲ್ಲೆಜಾತಾ ಟಿಕೆಟ್ ತಗೊಳ್ಳಿ. ಎರಡೂ ಪಕ್ಕದ ಗೋಡೆ ತುಂಬ ಬೈಬಲ್ಲಿನ ಕಥೆಗಳಿವೆ, ಒಂದು ಕಡೆ ಹಳೆ ಒಡಂಬಡಿಕೆ, ಇನ್ನೊಂದು ಕಡೆ ಹೊಸದು. ಓದು ಬಾರದವರಿಗೆ ಅದೇ ಪುಸ್ತಕ. ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುತ್ತದೆ, ಪ್ರವಾಸಿಗರಿಗೆ ಆಮೇಲೆ.

ಈಗ ಯಜಮಾನರ ಮಂಡಿ.

ತೊರ್ರೆ ಗ್ರೋಸ್ಸಾಗೆ 218 ಮೆಟ್ಟಿಲು. ಒಳಗೆ ಕಬ್ಬಿಣದ ಮೆಟ್ಟಿಲು, ತುದಿಯಲ್ಲಿ ತೀರಾ ಕಡಿದು. ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ. ಆಪರೇಷನ್ ಆದವರು ಬೇಡ ಎಂದೇ ಹೇಳುತ್ತೇನೆ. ಮಗ ಸೊಸೆ ಹತ್ತಲಿ. ನೀವಿಬ್ಬರೂ ರೊಕ್ಕಾ ಎಂಬಲ್ಲಿಗೆ ನಿಧಾನ ನಡೆದು ಹೋಗಿ. ಫ್ಲಾರೆನ್ಸಿನವರು ಕಟ್ಟಿದ ಆ ಕೋಟೆಯ ಅವಶೇಷ ಅದು, ಈಗ ಆಲಿವ್ ಮರಗಳ ತೋಟ. ಗೋಪುರದ ಮೇಲೆ ನಿಂತರೆ ಆ ಗೋಪುರವೇ ಕಾಣಲ್ಲ, ರೊಕ್ಕಾದಿಂದ ಎಲ್ಲವೂ ಒಟ್ಟಿಗೆ ಕಾಣುತ್ತವೆ. ದುಡ್ಡೂ ಕೊಡಬೇಕಿಲ್ಲ. ಆದರೆ ಊರಿಡೀ ಏರು, ಕಲ್ಲುಹಾಸು. ಬಸ್ಸು ಇಳಿಸುವ ಸಾನ್ ಜೊವಾನ್ನಿ ಬಾಗಿಲಿನಿಂದ ಚೌಕದವರೆಗೂ ಹತ್ತುತ್ತಲೇ ಇರಬೇಕು. ಮಳೆ ಬಂದರೆ ಕಲ್ಲು ಜಾರುತ್ತದೆ. ಹಿಡಿತ ಇರುವ ಶೂ ಬೇಕು. ಸೀರೆಗೆ ಒಪ್ಪುವ ಚಪ್ಪಲಿ ಅಲ್ಲಿ ಬೇಡ ಮೇಡಂ.

ಹೋಗುವ ದಾರಿ ಮೂರು ಥರ. ಒಂದೇ ದಿನದಲ್ಲಿ ಸಿಯೆನಾ, ಸಾನ್ ಜಿಮಿನ್ಯಾನೊ, ಪೀಸಾ ಮೂರನ್ನೂ ತೋರಿಸುವ ಟೂರ್ ಬಸ್ಸುಗಳಿವೆ. ನಿಮ್ಮ ಮಂಡಿಯ ಲೆಕ್ಕಕ್ಕೆ ಸುಖ, ಆದರೆ ಇಲ್ಲಿ ಸಿಗುವುದು ಗಂಟೆ, ಒಂದೂವರೆ ಗಂಟೆ. ಅದೂ ನಡುಹಗಲಲ್ಲಿ, ಎಲ್ಲಾ ಬಸ್ಸುಗಳೂ ಬಂದಿರುವಾಗ. ಮೋಸ ಹೋದೆವು ಎಂದು ನನ್ನ ಹತ್ತಿರ ಹೇಳಿದವರೆಲ್ಲ ಬಹುಮಟ್ಟಿಗೆ ಹೀಗೆ ಹೋದವರೇ. ಇದನ್ನು ಮಾಡಬೇಡಿ.

ಎರಡನೆಯದು, ಫ್ಲಾರೆನ್ಸಿನಿಂದ ಪೊಜ್ಜಿಬೊನ್ಸಿಗೆ ರೈಲು, ಸುಮಾರು ಒಂದು ಗಂಟೆ. ಅಲ್ಲಿಂದ ಬಸ್ಸು, ಅರ್ಧ ಗಂಟೆಯೊಳಗೆ. ಊರಿಗೆ ರೈಲು ನಿಲ್ದಾಣ ಇಲ್ಲ. ಖರ್ಚು ಕಡಿಮೆ, ಹೊತ್ತು ನಿಮ್ಮ ಕೈಯಲ್ಲಿ. ಭಾನುವಾರ ಮತ್ತು ರಜೆ ದಿನ ಬಸ್ಸುಗಳು ತುಂಬ ಕಡಿಮೆಯಾಗುತ್ತವೆ, ಅದೊಂದು ನೋಡಿಕೊಳ್ಳಿ. ಕೊನೆಯ ಬಸ್ಸಿನ ಸಮಯವನ್ನು ಹೋದ ಕೂಡಲೇ ಫೋಟೊ ಹೊಡೆದುಕೊಳ್ಳಿ.

ಮೂರನೆಯದು ಬಾಡಿಗೆ ಕಾರು. ಮಗನ ಹತ್ತಿರ ಜರ್ಮನಿಯ ಲೈಸೆನ್ಸ್ ಇದ್ದರೆ ತೊಂದರೆಯಿಲ್ಲ. ಭಾರತದ ಲೈಸೆನ್ಸ್ ಆದರೆ ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ಬೇಕು. ಅಪಾಯ ಇರುವುದು ಕ್ಯಾಮೆರಾದಲ್ಲಿ. ಇಟಲಿಯ ಹಳೆ ಊರುಗಳ ಒಳಗೆ ಹೊರಗಿನವರ ಕಾರು ಬಿಡಲ್ಲ. ಗೇಟು ಇರಲ್ಲ, ಪೊಲೀಸ್ ಇರಲ್ಲ, ಒಂದು ಬೋರ್ಡು, ಒಂದು ಕ್ಯಾಮೆರಾ ಅಷ್ಟೇ. ನಾನೂ ಒಮ್ಮೆ ಬೇರೆ ಊರಿನಲ್ಲಿ ದಾರಿ ತಪ್ಪಿ ಒಳಗೆ ಹೋಗಿ, ಅದೇ ಬೋರ್ಡಿನ ಕೆಳಗೆ ಮತ್ತೆ ಹೊರಗೆ ಬಂದೆ. ತಿಂಗಳುಗಳು ಕಳೆದ ಮೇಲೆ ಎರಡು ದಂಡದ ಕಾಗದ ಬಂತು, ಜೊತೆಗೆ ಕಾರು ಕೊಟ್ಟವರ ಸೇವಾ ಶುಲ್ಕ ಬೇರೆ. ಗೋಡೆಯ ಹೊರಗಿನ ಪಾರ್ಕಿಂಗ್‌ನಲ್ಲೇ ನಿಲ್ಲಿಸಿ.

ಉಳಿಯಬೇಕಾ? ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ರಾತ್ರಿ ಉಳಿಯುತ್ತಿದ್ದೆ. ಐದು ಗಂಟೆಯ ಮೇಲೆ ಬಸ್ಸುಗಳು ಹೊರಡುತ್ತವೆ. ಆಮೇಲೆ ಊರು ಊರಾಗುತ್ತದೆ. ಇಡೀ ಕೊಮೂನೆಯಲ್ಲಿ ಇರುವುದು ಏಳೂವರೆ ಸಾವಿರದ ಆಸುಪಾಸು ಜನ, ಗೋಡೆಯ ಒಳಗೆ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಒಳಗಿನ ಹಳೆ ಕಟ್ಟಡಗಳಲ್ಲಿ ಲಿಫ್ಟ್ ಇದೆ ಎಂದು ನಂಬಿ ಹೋಗಬೇಡಿ, ಬುಕ್ ಮಾಡುವ ಮುಂಚೆ ಕೇಳಿ. ಸೂಟ್‌ಕೇಸಿನ ಗಾಲಿ ಆ ಕಲ್ಲಿನ ಮೇಲೆ ಉರುಳಲ್ಲ. ಒಂದು ಸಣ್ಣ ಚೀಲ ಮಾತ್ರ ತಂದು, ಉಳಿದ ಲಗೇಜನ್ನು ಫ್ಲಾರೆನ್ಸಿನಲ್ಲೇ ಬಿಡುವುದು ಒಳ್ಳೆಯದು. ಕಾರಿದ್ದರೆ ಸುತ್ತಲಿನ ತೋಟದಮನೆಗಳಲ್ಲಿ ನೆಲಮಟ್ಟದ ರೂಮು ಸಿಗುತ್ತದೆ, ಮಂಡಿಗೆ ಅದೇ ವಾಸಿ.

ಊಟಕ್ಕೆ ಹೆದರಬೇಡಿ. ಬ್ರೆಡ್ಡು, ಬಿಳಿ ಬೀನ್ಸ್ ಕಾಳು, ಸೊಪ್ಪು ಹಾಕಿ ಕುದಿಸುವ ರಿಬೊಲ್ಲಿತಾ, ಟೊಮೇಟೊ ಮತ್ತು ಬ್ರೆಡ್ಡಿನ ಪಾಪ್ಪಾ, ಇವು ಇಲ್ಲಿಯ ಬಡವರ ಊಟ, ಹೊಟ್ಟೆ ತುಂಬುತ್ತದೆ. ಆದರೆ ಕೆಲವರು ಅದಕ್ಕೆ ಮಾಂಸದ ಸಾರು ಹಾಕುತ್ತಾರೆ, ಕೇಳಿಯೇ ತಿನ್ನಿ. ಕುರಿಹಾಲಿನ ಪೆಕೊರೀನೊ ಚೀಸಿಗೆ ಹಾಲು ಒಡೆಸಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದೇ ಹೆಚ್ಚು, ಕಟ್ಟುನಿಟ್ಟಿನವರಾದರೆ ಬಿಟ್ಟುಬಿಡಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕಲ್ಲ, ಮರೆತಿದ್ದಾರೆ ಎಂದುಕೊಳ್ಳಬೇಡಿ. ಉಪ್ಪಿನಕಾಯಿ ಒಂದು ಸಣ್ಣ ಡಬ್ಬಿ ಇರಲಿ.

ಅಕ್ಟೋಬರ್ ಕೊನೆ ಎಂದಿರಿ, ಅದು ನಿಮ್ಮ ಅದೃಷ್ಟ. ಕೇಸರಿ ಹೂವು ಬಿಡುವುದು ಆಗಲೇ. ಶತಮಾನಗಳ ಕಾಲ ನಿಂತೇಹೋಗಿದ್ದ ಬೆಳೆಯನ್ನು ಇಲ್ಲಿನ ಕೆಲವರು ಮತ್ತೆ ಶುರು ಮಾಡಿದ್ದಾರೆ, 2005ರಲ್ಲಿ ಅದಕ್ಕೆ ಯೂರೋಪಿನ ಮೂಲಸ್ಥಳದ ಮುದ್ರೆಯೂ ಸಿಕ್ಕಿದೆ. ಕೊಳ್ಳುವುದಾದರೆ ಎಳೆಯ ರೂಪದಲ್ಲೇ ಕೊಳ್ಳಿ. ಪುಡಿಯಲ್ಲಿ ಏನು ಬೆರೆಸಿದ್ದಾರೆ ಎಂದು ಯಾರು ಕಂಡರು? ಬೆಲೆ ಕೇಳಿ ಗಾಬರಿಯಾದರೆ ಕೇಸರಿ ಹಾಕಿದ ಐಸ್‌ಕ್ರೀಮ್ ತಿಂದು ಬನ್ನಿ.

ಸಂಜೆ ಪಿಯಾತ್ಸಾ ದೆಲ್ಲಾ ಚಿಸ್ತೆರ್ನಾದಲ್ಲಿ ಕೂತುಕೊಳ್ಳಿ. ಬಾವಿಚೌಕ ಎಂದರೆ ಸರಿಹೋದೀತು. ನಡುವೆ ಎಂಟು ಮೂಲೆಯ ಮೆಟ್ಟಿಲ ಮೇಲೆ ಕಲ್ಲಿನ ಬಾವಿಕಟ್ಟೆ ಇದೆ. 1273ರಲ್ಲಿ ಮಾಡಿದ್ದು, 1346ರಲ್ಲಿ ದೊಡ್ಡದು ಮಾಡಿದ್ದು. ಊರವರು ನೀರು ಸೇದುತ್ತಿದ್ದದ್ದು ಇಲ್ಲೇ, ಅರ್ದಿಂಗೆಲ್ಲಿ ಮನೆಯ ಗೋಪುರಗಳ ಎದುರಿಗೇ. ಯಜಮಾನರು ಮೆಟ್ಟಿಲ ಮೇಲೆ ಕಾಲು ಚಾಚಿ ಕೂರಲಿ. ಕಟ್ಟೆಯ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ, ಬೆರಳು ಹೂಳುವಷ್ಟು ಆಳ. ನಿಮ್ಮ ಮಗನಿಗೆ ಅಲ್ಲಿ ಒಮ್ಮೆ ಕೈಯಿಟ್ಟು ನೋಡಲು ಹೇಳಿ.